ತವರಿನ ಹೆಬ್ಬಾತುಗಳು

ಬಂಗಾರಪೇಟೆ, ಮಾರ್ಚ್

ಅವ್ವಾ,

ನಮಸ್ಕಾರ ಕೊನೆಗೆ, ಮೊದಲು ಸುದ್ದಿ. ಚಳಿಗಾಲಕ್ಕೆ ನಮ್ಮ ಗದಗಿನ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಯ ಕೆರೆಗೂ ಬಂದಿವೆ! ಬೆಳಿಗ್ಗೆ ಅತ್ತೆಯ ಜೊತೆ ಹೊಲಕ್ಕೆ ಹೋದರೆ, ದಂಡೆಯ ಎಳೆ ರಾಗಿ ಪೈರನ್ನು ಗುಂಪಾಗಿ ಮೇಯುತ್ತಿದ್ದವು. ಕೊಯ್ಲಾದ ಗದ್ದೆಗಳಲ್ಲಿ ಬಾತುಕೋಳಿ ಮೇಯಿಸಲು ಆಂಧ್ರದವರು ಇಲ್ಲಿಗೆ ಬರುತ್ತಾರೆ. ಅತ್ತೆ ಅಂಥವನೊಬ್ಬನನ್ನು ಹಿಡಿದು, “ನಿನ್ ಬಾತುಗಳು ನಮ್ ಪೈರೆಲ್ಲಾ ಮೇದಾಕ್ಬುಟ್ಟವೆ ಕಣ್ಲಾ!” ಎಂದು ಜಗಳಕ್ಕೆ ನಿಂತರು. ಅವನು ತೆಲುಗಿನಲ್ಲಿ “ಮಾವಿ ಕಾದಮ್ಮಾ”, ತನ್ನವಲ್ಲ ಎಂದು ಎಷ್ಟು ಬೇಡಿಕೊಂಡರೂ ಬಿಡಲಿಲ್ಲ. ಜನ ಸೇರಿತು.

ಮದುವೆಯಾಗಿ ಬಂದಾಗಿನಿಂದ ನನ್ನ ಗದಗಿನ ಮಾತಿಗೆ ನಗುತ್ತಿದ್ದವರ ಮುಂದೆ ನಾನೇ ಬಾಯಿ ಬಿಟ್ಟೆ: “ಅತ್ತೀ, ಅವು ಸಾಕಿದ್ದಲ್ಲರೀ. ತಲಿ ಮ್ಯಾಲಿನ ಕರಿ ಪಟ್ಟಿ ನೋಡ್ರಿ. ಹಿಮಾಲಯ ದಾಟಿ ನಮ್ಮೂರಿಗೆ ಬರೋ ಹಕ್ಕಿ ಅವು.”

ಯಾರೂ ನಂಬಲಿಲ್ಲ. ಆಗ ಬಾತಿನವನು ತನ್ನ ಹಿಂಡನ್ನು ಕೂಗಿ ಕರೆದ. ಅವನ ಬಾತುಕೋಳಿಗಳು ಕುಲುಕುತ್ತಾ ಓಡಿಬಂದವು. ನಮ್ಮವು ಒಮ್ಮೆಗೇ ಮೇಲೆದ್ದು, ಉರಿಗಾಂ ಕಡೆಯ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಮೇಲೆ ಒಂದು ಸುತ್ತು ಹಾಕಿ, ಸಾಲುಗಟ್ಟಿ ಉತ್ತರಕ್ಕೆ ತಿರುಗಿದವು.

ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಲೇ ನಿಂತರು. ಆಮೇಲೆ ಆಕಾಶಕ್ಕೆ ಕೂಗಿದರು: “ಬೀಗ್ರುನ್ನ ಕೇಳ್ದೆ ಅಂತ ಯೋಳ್ರಪ್ಪೋ! ಬರೋ ವರ್ಷಾನೂ ಬಂದು ಉಂಡ್ಕೊಂಡೋಗಿ!”

ನನ್ನ ಕೆಮ್ಮು ಪೂರ್ತಿ ವಾಸಿಯಾಗಿದೆ, ಮುದ್ದೆಯನ್ನೂ ಈಗ ಅಗಿಯದೆ ನುಂಗುತ್ತೇನೆ. ಜಾಗ ಮುಗಿಯಿತು, ನಮಸ್ಕಾರ. ಅತ್ತೆ ಹೇಳಿ ಕಳಿಸಿದ್ದನ್ನು ಹಕ್ಕಿಗಳು ಮರೆತರೆ ಇರಲಿ ಎಂದು ಈ ಕಾರ್ಡು.

ನಿನ್ನ ನೀಲಾ