ಹತ್ತಿ ಗಾದಿಯ ಮೇಲೆ ಡ್ರಮ್

ನವೆಂಬರ್ 3, ಸೋಮವಾರ. ಬೆಳಿಗ್ಗೆ 11

ಆಸಿಂ ಹೂಂ ಅಂದುಬಿಟ್ಟ!!! ಡ್ರಮ್ ಕಿಟ್ ತಗೊಳ್ತೀವಿ! ನನ್ನದು, ನನ್ನದೇ, ಈ ಸಿರುಗುಪ್ಪದ ಮನೆಯಲ್ಲಿ, ಮೇಲಿನ ರೂಮಿನಲ್ಲಿ!

ಅವನು ಹಲ್ಲುಜ್ಜುತ್ತಾ ನಿಂತಿದ್ದಾಗ ಕೇಳಿದೆ. ಹೂಂ ಅಂದ. ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಕೇಳಿದೆ. ಮೂರನೇ ಸಲಕ್ಕೆ ಬಾಯಿ ತೊಳೆದು ಬಂದ. "ಹೂಂ ಅಂದೇನಲ್ಲ ಗುಲ್ಲು, ಇನ್ನ ಎಷ್ಟ್ ಸಲ ಅನ್ನಿಸ್ತಿ? ನಿಕಾಹ್‌ದಾಗೂ ಮೂರ ಸಲನ ಕೇಳಿದ್ರು."

ಮದುವೆಯಾಗಿ ಇಪ್ಪತ್ತೆರಡು ದಿನ. ಇವನನ್ನು ಎಲ್ಲಿಂದ ಹುಡುಕಿ ತಂದರೋ ಅಮ್ಮಿ, ಥ್ಯಾಂಕ್ಯೂ ಥ್ಯಾಂಕ್ಯೂ.

ಎಲೆಕ್ಟ್ರಾನಿಕ್ ಕಿಟ್. ಹೆಡ್‌ಫೋನ್ ಹಾಕಿಕೊಂಡರೆ ನನಗೆ ಮಾತ್ರ ಕೇಳೋದು. ಕೆಳಗೆ ಮಾಮಾನ ಗಾದಿ ಅಂಗಡಿ, ಅದರ ಹಿಂದೆ ಅತ್ತೆ-ಮಾಮಾ ಇರೋ ರೂಮು, ಅಡುಗೆಮನೆ. ಮೇಲೆ ನಮ್ಮ ರೂಮು, ಪಕ್ಕದಲ್ಲಿ ಹತ್ತಿ ಮೂಟೆ ತುಂಬಿದ ರೂಮು. ಆ ಮೂಟೆ ರೂಮೇ ನನ್ನ ಸ್ಟುಡಿಯೋ! ಅತ್ತೆ ಕೇಳಿದ್ದು ಒಂದೇ ಮಾತು.

"ಸಪ್ಪಳ ಆಗಂಗಿಲ್ಲಲ್ಲ?"

"ಇಲ್ಲವೇ ಇಲ್ಲ ಅತ್ತೀ! ಝೀರೋ!"

ಝೀರೋ ಅಂತ ಯಾಕಂದೆನೋ. ಬಾಯಿಗೆ ಬಂತು.

ಅಂಜನಾಗೆ ತಕ್ಷಣ ಮೆಸೇಜ್. ಬಳ್ಳಾರಿ ಕಂಟೋನ್ಮೆಂಟ್‌ನಲ್ಲಿ ಓದುವಾಗ ಸ್ಕೂಲ್ ಬ್ಯಾಂಡಿನಿಂದ ಶುರು ನಮ್ಮ ಜೋಡಿ. ಅವಳು ಹಾಡು, ನಾನು ಡ್ರಮ್. ಅವಳೇ ಬರೆದ ನಾಲ್ಕು ಹಾಡಿಗೆ ನನ್ನ ಡ್ರಮ್ ಟ್ರ್ಯಾಕ್ ಬೇಕು. ಹೊಸ ವರ್ಷಕ್ಕೆ ಬಿಡ್ತಾಳೆ. "ಕಿಟ್ ಬಂತು ಅಂತಲೇ ತಿಳ್ಕೋ!" ಅಂತ ಬರೆದೆ. ಅವಳು: "ಗುಲ್ಲೂ, ನಿನ್ನ ಬಿಟ್ಟು ಬ್ಯಾರೆಯೋರ ಹತ್ರ ಹೊಡೆಸೋಕೆ ಮನಸ್ಸಿಲ್ಲ. ಆದ್ರೆ ಡಿಸೆಂಬರ್ ಹತ್ತು ಅಂದ್ರೆ ಹತ್ತು."

ಹತ್ತು ಯಾಕೆ, ಈ ತಿಂಗಳೇ ಕಳಿಸ್ತೀನಿ!

ನವೆಂಬರ್ 5, ಬುಧವಾರ

ಎರಡು ದಿನದಿಂದ ರಿವ್ಯೂ ವಿಡಿಯೋ ನೋಡೋದೇ ಕೆಲಸ. ಪ್ಯಾಡ್ ಎರಡು ಥರ. ರಬ್ಬರ್, ಕೋಲು ಬಿದ್ದರೆ ಟಕ ಟಕ. ಮೆಶ್ ಅಂದರೆ ಬಿಗಿದು ಕಟ್ಟಿದ ಬಲೆ, ಕೋಲು ಪುಟಿಯುತ್ತೆ, ಸದ್ದು ಕಡಿಮೆ. ಮೆಶ್‌ಗೆ ರೇಟು ಜಾಸ್ತಿ. ಯುಎಸ್‌ಬಿ ಇರಲೇಬೇಕು, ಲ್ಯಾಪ್‌ಟಾಪಿಗೆ ನೇರ ರೆಕಾರ್ಡ್ ಆಗಬೇಕು. ಆಸಿಂ ಗಾದಿ ಡೆಲಿವರಿಗೆ ಹೋಗಿದ್ದಾನೆ ಸಿರಿಗೇರಿಗೆ. ಬಂದ ಕೂಡಲೇ ಹದಿನಾಲ್ಕು ವಿಡಿಯೋ ತೋರಿಸಬೇಕು. ಪಾಪ.

ನವೆಂಬರ್ 8, ಶನಿವಾರ. ಸಂಜೆ

ಬಳ್ಳಾರಿಯ ಸಂಗೀತ ವಾದ್ಯದ ಅಂಗಡಿ. ಮೆಶ್ ಕಿಟ್ ಮೇಲೆ ಕೂತೆ. ಹೆಡ್‌ಫೋನ್. ಕಣ್ಣು ಮುಚ್ಚಿದೆ. ಅಯ್ಯೋ... ಎಂಟು ತಿಂಗಳಾಗಿತ್ತು ಕೋಲು ಹಿಡಿದು. ಕೈ ಏನೂ ಮರೆತಿಲ್ಲ. ಅಲ್ಲೇ ಅತ್ತುಬಿಡ್ತಿದ್ದೆ.

ಆಮೇಲೆ ಅಂಗಡಿಯವರು ಹೆಡ್‌ಫೋನ್ ತೆಗೆಸಿ ಆಸಿಂ ಕೈಲಿ ಹೊಡೆಸಿದರು. "ಈಗ ಕೇಳ್ರಿ ಮೇಡಂ. ಹೊರಗಿನೋರಿಗೆ ಕೇಳೋದು ಇದು." ಕೈಯದು ಸಣ್ಣ ಟಪ ಟಪ. ಕಾಲಿನದು... ಧಬ್. ಧಬ್. ಕಿಕ್ ಪೆಡಲ್ ತುಳಿದಾಗೆಲ್ಲ ಸುತ್ತಿಗೆ ಹೋಗಿ ಪ್ಯಾಡಿಗೆ ಬಡಿಯುತ್ತೆ, ಆ ಗುದ್ದು ನೆಲಕ್ಕಿಳಿಯುತ್ತೆ. "ಮಾಳಿಗಿ ಮ್ಯಾಲೆ ಇಟ್ರ ಕೆಳಗಿನೋರ ತಲೀ ಮ್ಯಾಲೆ ಕುಟ್ಟಿದಂಗ."

ಸುತ್ತಿಗೆ ಇಲ್ಲದ ಪೆಡಲ್ಲೂ ತೋರಿಸಿದರು. ತುಳಿದೆ. ಹೊಲಿಗೆ ಮಷಿನ್ ತುಳಿದ ಹಾಗಿತ್ತು. ಬೇಡ.

ಉಪಾಯ ಅವರೇ ಹೇಳಿದರು. ಎರಡು ಪ್ಲೈವುಡ್ ಹಲಗೆ, ನಡುವೆ ಅರ್ಧ ಕತ್ತರಿಸಿದ ಟೆನಿಸ್ ಬಾಲ್, ಅದರ ಮೇಲೆ ಕಿಟ್. "ಕಿಟ್ ನಿಲ್ಲೋ ಜಾಗ ಮೆತ್ತಗ ಇರಬಾರದು. ಗಟ್ಟಿ ಇರಬೇಕು, ಆದ್ರ ನೆಲಕ್ಕ ತಾಗಬಾರದು." ಬರೆದುಕೊಂಡೆ. ಇಲ್ಲೂ ಬರೆದಿಡ್ತೀನಿ. ಮೆತ್ತಗೆ ಇರಬಾರದು.

ಮೆಶ್‌ನ ರೇಟ್ ಕೇಳಿದ ಮೇಲೆ ಆಸಿಂ ಪರ್ಸ್ ತೆಗೆದು ನೋಡಿ ಮತ್ತೆ ಜೇಬಿಗಿಟ್ಟ. ವಾಪಸ್ ಬರುವಾಗ ಮೋಕ ಊರು ದಾಟಿದ ಮೇಲೆ ಅಂದ, "ಕುರುಗೋಡಿನಾಗ ಒಬ್ರು ಸೆಕೆಂಡ್ ಹ್ಯಾಂಡ್ ಮಾರ್ತಾರಂತ. ನೋಡೂಣೇನು?" ನನ್ನ ಗಂಡ ಬಂಗಾರ.

ನವೆಂಬರ್ 9, ಭಾನುವಾರ

ಕುರುಗೋಡು. ಭೀಮರಾಜ ಅವರ ಮನೆ. ಹಿಂದೆ ಆರ್ಕೆಸ್ಟ್ರಾದಲ್ಲಿ ಹೊಡೀತಿದ್ದರು. "ಕಿಟ್ ಎಲ್ಲೈತ್ರಿ?" ಅಂತ ಆಸಿಂ ಕೇಳಿದ. ಅವರ ಹೆಂಡತಿ ವಿಜಯಲಕ್ಷ್ಮಿ ಮೂಲೆಯಿಂದ ಎರಡು ಲುಂಗಿ, ಒಂದು ಸೀರೆ, ಮೂರು ಟವೆಲ್ ತೆಗೆದರು. ಒಳಗೆ ಇತ್ತು.

"ಮೂರ ತಿಂಗಳು ಹೊಡದೆ. ಆಮ್ಯಾಲೆ ಇಕಿಗೆ ಅರಿಬಿ ಒಣಹಾಕಾಕ ಚಲೋ ಆತು" ಅಂದು ಭೀಮರಾಜ ನಕ್ಕರು.

"ನೀವ್ ಹೊಡೆಯೋದಕ್ಕಿಂತ ಅರಿಬಿನ ಮೇಲು. ಸುಮ್ನ ಇರ್ತಾವು" ಅಂದರು ವಿಜಯಲಕ್ಷ್ಮಿ.

ನಾವೆಲ್ಲ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ.

ನಡುವಿನ ಸ್ನೇರ್ ಡ್ರಮ್ ಮಾತ್ರ ಮೆಶ್, ಉಳಿದದ್ದು ರಬ್ಬರ್. ಕಿಕ್‌ಗೆ ಸುತ್ತಿಗೆ ಪೆಡಲ್. ಒಂದು ಸಿಂಬಲ್‌ನ ಕೇಬಲ್ ಲೂಸು. ಯುಎಸ್‌ಬಿ ಇದೆ! ತಗೊಂಡ್ವಿ! ಗಾದಿ ಸಾಗಿಸೋ ನಮ್ಮ ಟಾಟಾ ಏಸ್‌ನಲ್ಲಿ ಹಳೇ ಗಾದಿಯೊಂದನ್ನು ಹೊದಿಸಿ ತಂದೆವು. ದಾರಿಯುದ್ದಕ್ಕೂ ನಾನು ಹಿಂದೆ ಕೂತು ಹಿಡಿದುಕೊಂಡಿದ್ದೆ. ಭತ್ತದ ಗದ್ದೆ, ಧೂಳು, ನಾನು, ನನ್ನ ಡ್ರಮ್.

ನವೆಂಬರ್ 10, ಸೋಮವಾರ

ಹತ್ತಿ ಮೂಟೆಗಳನ್ನೆಲ್ಲ ಆಸಿಂ ಕೆಳಗೆ ಅಂಗಡಿಗೆ ಇಳಿಸಿದ. ಕಿಟ್ ಜೋಡಿಸಿದೆ. ಹೊಡೆದೆ. ನಾಲ್ಕೇ ನಾಲ್ಕು ಬಾರ್, ಹದಿನಾರು ಎಣಿಕೆ. ಕೆಳಗಿನಿಂದ ಅತ್ತೆ: "ಆಸಿಂ! ಮ್ಯಾಲೆ ಯಾರರ ಬಿದ್ರೇನೋ?"

ಇಳಿದು ಹೋದೆ. ಅಡುಗೆಮನೆ ಶೆಲ್ಫಿನ ಸ್ಟೀಲ್ ಡಬ್ಬಿಗಳು ಇನ್ನೂ ಗುಂಯ್‌ಗುಡುತ್ತಿದ್ದವು. ಅತ್ತೆ ಬೈಯಲಿಲ್ಲ. "ಝೀರೋ ಅಂದಿದ್ದಿ?" ಅಂದರು, ಅಷ್ಟೇ.

ಪ್ಲೈವುಡ್, ಟೆನಿಸ್ ಬಾಲ್ ಅಂತ ಶುರುಮಾಡಿದೆ. ಮಾಮಾ ಕೈ ಎತ್ತಿದರು.

"ಹಲಗಿ ಯಾಕ ಬೇಕವಾ? ಸಪ್ಪಳ ತಿನ್ನೋದು ಹತ್ತಿ. ನಲವತ್ತು ವರ್ಷ ಇದನ್ನ ಮಾಡೀನಿ. ನಿನ್ನ ಡ್ರಮ್ಮಿಗೆ ಒಂದು ಗಾದಿ ಹಾಕಿಕೊಡ್ತೀನಿ ನೋಡು, ಇರುವಿಗೂ ಕೇಳಬಾರದು."

ಗೋಡೆ ಮೇಲಿನ ಬಿಲ್ಲು ಇಳಿಸಿದರು. ಹತ್ತಿ ಹಿಂಜೋ ಬಿಲ್ಲು. ಆಸಿಂ ಬಾಯಿ ಬಿಟ್ಟು ನೋಡಿದ. ಮಷಿನ್ ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲವಂತೆ.

ಮೆತ್ತಗೆ ಇರಬಾರದು ಅಂತ ನಾನು ಆಗಲೇ ಹೇಳಬೇಕಿತ್ತು. ನಾನು ಹೇಳಿದ್ದೇನು? "ವಾವ್ ಮಾಮಾ! ಸೂಪರ್ ಐಡಿಯಾ!" ಚಪ್ಪಾಳೆ ಬೇರೆ ತಟ್ಟಿದೆ.

ನವೆಂಬರ್ 13, ಗುರುವಾರ

ಮೂರು ದಿನದಿಂದ ಮಾಮಾ ಹಿಂಜುತ್ತಿದ್ದಾರೆ. ಬಿಲ್ಲಿನ ನರಕ್ಕೆ ಮರದ ಗುಂಡಿನಿಂದ ಹೊಡೆತ. ತೊಂಯ್... ಟಕ್. ತೊಂಯ್... ಟಕ್. ಹತ್ತಿ ಹಾರಿ ಮೋಡದ ಹಾಗೆ ಬೀಳುತ್ತೆ. ಮೀಸೆಯೆಲ್ಲ ಬೆಳ್ಳಗೆ. ಮೆಟ್ರೊನೋಮ್ ಇಟ್ಟು ನಿಮಿಷಕ್ಕೆ ಎಷ್ಟು ಹೊಡೆತ ಅಂತ ನೋಡಿದೆ. ತೊಂಬತ್ತೆರಡು. ಒಂದು ಚೂರು ಹಿಂದಿಲ್ಲ ಮುಂದಿಲ್ಲ! "ಮಾಮಾ, ನೀವೇ ಡ್ರಮ್ಮರ್" ಅಂದೆ. ನಾಚಿಕೊಂಡರು. ಅತ್ತೆ: "ಆ ಸಪ್ಪಳಕ್ಕ ಮಳ್ಳಾಗಿ ನಾನೂ ಈ ಮನಿಗೆ ಬಂದಾಕಿನ. ಈಗ ನೋಡು, ಗೊರಕಿ ಅಷ್ಟ."

ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ನವೆಂಬರ್ 15, ಶನಿವಾರ

ಗಾದಿ ಬಂತು. ಐದಡಿಗೆ ಆರಡಿ, ಎಂಟು ಇಂಚು ದಪ್ಪ, ಕೆಂಪು ಪಟ್ಟೆಯ ಬಟ್ಟೆ, ಅಂಚಿಗೆ ಕೈಹೊಲಿಗೆ. ಮೂಲೆಯಲ್ಲಿ ಹಸಿರು ದಾರದಲ್ಲಿ ಒಂದು ಸಣ್ಣ ಹೂವು. ಮದುವೆ ಗಾದಿಗೆ ಮಾತ್ರ ಹಾಕ್ತಾರಂತೆ.

ಕಿಟ್ ಇಟ್ಟೆ. ಮುಳುಗಿತು. ಒಂದು ಕಾಲು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ. ಪೆಡಲ್ ತುಳಿದರೆ ಪ್ಯಾಡ್ ಮುಂದೆ ಜಾರುತ್ತೆ, ಒಂದು ಹೊಡೆತಕ್ಕೆ ಎರಡು ಸದ್ದು ದಾಖಲಾಗುತ್ತೆ, ಇಲ್ಲವೇ ಒಂದೂ ಇಲ್ಲ. ಮಾಮಾ ಬಾಗಿಲಲ್ಲಿ ನಿಂತಿದ್ದರು.

"ಹೆಂಗೈತಿ?"

"ಪರ್ಫೆಕ್ಟ್ ಮಾಮಾ!"

ಕೆಳಗೆ ಹೋಗಿ ಅತ್ತೆಗೆ ಹೇಳೋದು ಕೇಳಿಸಿತು. "ಪರ್ಫೆಟ್ ಅಂತ."

ನವೆಂಬರ್ 24, ಸೋಮವಾರ

ಬರೆಯೋಕೆ ಮನಸ್ಸಾಗಿರಲಿಲ್ಲ. ಒಂಬತ್ತು ದಿನ ಗಾದಿ ಮೇಲೆ ಹೊಡೆದೆ. ಕಿಟ್ ಎತ್ತರಿಸಿ, ತಗ್ಗಿಸಿ, ಇಟ್ಟಿಗೆ ಇಟ್ಟು, ಹಗ್ಗ ಕಟ್ಟಿ. ಮಾಮಾ ದಿನಾ ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು ಒಂದೇ ಪ್ರಶ್ನೆ, ನಾನು ದಿನಾ ಒಂದೇ ಉತ್ತರ. ಎರಡು ಹಾಡು ಅಂಜನಾಗೆ ಕಳಿಸಿದ್ದೆ. ಇವತ್ತು ಫೋನ್ ಮಾಡಿದಳು.

"ಗುಲ್ಲು, ಇದು ನೀನೇ ಹೊಡೆದಿದ್ದಾ?"

"ಹೂಂ... ಯಾಕೆ?"

"ಕಿಕ್ ಎಲ್ಲೋ ಓಡಿಹೋಗ್ತಿದೆ ಕಣೇ. ನಿನ್ನ ಕಾಲು ಹಿಂಗಿರಲಿಲ್ಲ. ಮದುವೆ ಆದ್ಮೇಲೆ ಕಾಲು ಗಾದಿ ಮೇಲೆ ಜಾಸ್ತಿ ಇರುತ್ತಾ ಹೆಂಗೆ?"

ಇಬ್ಬರೂ ನಕ್ಕೆವು. ಅವಳು ನಗು ಮೊದಲು ನಿಲ್ಲಿಸಿದಳು. ಹೊಸಪೇಟೆಯಲ್ಲಿ ಒಬ್ಬ ಡ್ರಮ್ಮರ್ ಕೇಳ್ತಿದ್ದಾರಂತೆ. "ನಾನು ಇನ್ನೂ ಹೂಂ ಅಂದಿಲ್ಲ" ಅಂದಳು.

ನವೆಂಬರ್ 28, ಶುಕ್ರವಾರ. ಮಧ್ಯಾಹ್ನ 3

ಮಾಮಾ, ಆಸಿಂ ಜುಮ್ಮಾ ನಮಾಜಿಗೆ ಹೋದರು. ಅತ್ತೆ ಪಕ್ಕದ ಕೊಟ್ರಮ್ಮನವರ ಮನೆಗೆ. ಗಾದಿ ಸುತ್ತಿ ಗೋಡೆಗೆ ಒರಗಿಸಿದೆ. ಕಿಟ್ ಬರೀ ನೆಲಕ್ಕೆ. ಮೂರನೇ ಹಾಡು ಒಂದೇ ಟೇಕ್. ಒಂದೇ! ಎಲ್ಲ ಕೂತಿತು, ಕಾಲು, ಕೈ, ಉಸಿರು. ಮನೆಯೆಲ್ಲ ಧಬ ಧಬ ಅಂತಿದ್ದಿರಬೇಕು, ನನಗೆಲ್ಲಿ ಗೊತ್ತು. ಕಣ್ಣು ಮುಚ್ಚಿದ್ದೆ.

ತೆರೆದಾಗ ಮಾಮಾ ಬಾಗಿಲಲ್ಲಿ. ತಲೆಯ ಮೇಲೆ ಟೋಪಿ ಇನ್ನೂ ಇತ್ತು. ನನ್ನನ್ನು ನೋಡಲಿಲ್ಲ. ಸುತ್ತಿಟ್ಟ ಗಾದಿ ನೋಡಿದರು. ಹೊರಗೆ ಬಂದಿದ್ದ ಆ ಹಸಿರು ಹೂವು ನೋಡಿದರು. ಹತ್ತಿರ ಹೋಗಿ, ಧೂಳು ತಾಗದ ಹಾಗೆ ಮೂಲೆ ಒಳಗೆ ಮಡಚಿ, ಇಳಿದುಹೋದರು.

ಹೆಡ್‌ಫೋನ್ ತೆಗೆಯೋಕೂ ಆಗಲಿಲ್ಲ.

ನವೆಂಬರ್ 29, ಶನಿವಾರ

ಮಾಮಾ ಇವತ್ತು ಮೇಲೆ ಬರಲಿಲ್ಲ.

ಡಿಸೆಂಬರ್ 1, ಸೋಮವಾರ

ಮಾಮಾ ತಾವೇ ಹೋಗಿ ಎರಡು ಪ್ಲೈವುಡ್ ಹಲಗೆ ತಂದಿದ್ದಾರೆ! ಜೊತೆಗೆ ಚೀಲದ ತುಂಬ ಟೆನಿಸ್ ಬಾಲ್. ಆಸಿಂನ ಕೇಳಿ ಎಲ್ಲ ತಿಳಿದುಕೊಂಡಿದ್ದಾರೆ. ಅಂಗಡಿ ಮುಂದೆ ಕೂತು, ಗಾದಿ ಬಟ್ಟೆ ಕತ್ತರಿಸೋ ಕತ್ತರಿಯಲ್ಲೇ ಬಾಲು ಕತ್ತರಿಸುತ್ತಿದ್ದರು.

"ನಮ್ಮ ಗಾದಿ ಒಗ್ಗಲಿಲ್ಲ ಅಂತ ಅಂದಿದ್ರ ಆಗತಿತ್ತವಾ. ಮಲಗೋರು ಹೇಳ್ತಾರ, ಗಟ್ಟಿ ಆತು, ಮೆತ್ತಗಾತು ಅಂತ. ನಾ ಬಿಚ್ಚಿ ಮತ್ತ ಹೊಲೀತೀನಿ. ನೀ ಮಾತ್ರ ಪರ್ಫೆಟ್ ಅಂದಿ."

"ತಪ್ಪಾತು ಮಾಮಾ."

"ತಪ್ಪೇನ ಬಂತು. ಸಾಲಿಯಾಗ ಅದೊಂದು ಇಂಗ್ಲಿಷ್ ಕಲಿಸ್ಯಾರ ನಿಂಗ."

ಅತ್ತೆ, ನಾನು, ಆಸಿಂ, ಎಲ್ಲ ಸೇರಿ ಬಾಲು ಕತ್ತರಿಸಿದೆವು. ನಾಳೆ ಬಡಗಿ ಬಂದು ಹಲಗೆಗೆ ಕೂರಿಸ್ತಾರೆ. ನಾಡಿದ್ದಿನಿಂದ ರೆಕಾರ್ಡಿಂಗ್. ಶುಕ್ರವಾರದ್ದು ಒಂದು ಹಾಡು ಆಗಿದೆ, ಮತ್ತೆ ಹೊಡೆಯಬೇಕಾದ ಎರಡೂ ಸೇರಿ ಇನ್ನು ಮೂರು, ಏಳು ದಿನ ಇದೆ! ಅಂಜನಾಗೆ ಬರೆದೆ, "ಹೊಸಪೇಟೆಯೋರಿಗೆ ಬೇಡ ಅಂದುಬಿಡು!"

ಡಿಸೆಂಬರ್ 2, ಮಂಗಳವಾರ. ಬೆಳಿಗ್ಗೆ 10

ಶಬನಂ ಅಕ್ಕನ ಫೋನ್. ಆಸಿಂನ ಅಕ್ಕ, ಮೈಸೂರಿಗೆ ಕೊಟ್ಟಿದ್ದಾರೆ. ಎರಡು ಸಲ ಗರ್ಭ ಹೋಗಿ, ಆರು ವರ್ಷದ ಮೇಲೆ ನಿಂತ ಬಸುರು. ಈಗ ಏಳು ತಿಂಗಳು. ಹೆರಿಗೆಗೆ ಮುಂದಿನ ತಿಂಗಳು ಇಲ್ಲಿಗೆ ಕರೆತರೋದು ಅಂತಿತ್ತು. ಡಾಕ್ಟರ್ ಹೇಳಿದ್ದಾರೆ, ಹೋಗೋದಾದರೆ ಈ ವಾರವೇ ಹೋಗಲಿ, ಆಮೇಲೆ ಪ್ರಯಾಣ ಬೇಡ.

ಅತ್ತೆ ಫೋನ್ ಇಟ್ಟು ಕೂತುಬಿಟ್ಟರು. "ಎಲ್ಲಿ ಮಲಗಸೋದು? ಕೆಳಗ ಹತ್ತಿ ಧೂಳು. ಕೂಸಿನ ಉಸರಿಗೆ ಬರಂಗಿಲ್ಲ." ಯಾರೂ ಮೇಲೆ ನೋಡಲಿಲ್ಲ. ಮಾಮಾ ಕೈಯಲ್ಲಿ ಅರ್ಧ ಬಾಲು.

ಆಮೇಲೆ ನನ್ನ ದನಿ ನನಗೇ ಕೇಳಿಸಿತು. "ನನ್ನ ರೂಮ್ ಐತಲ್ಲ ಅತ್ತೀ! ಕೊಡ್ತೀನಿ! ಖುಷಿಯಿಂದ ಕೊಡ್ತೀನಿ!"

ಅತ್ತೆ ಎದ್ದು ಬಂದು ನನ್ನ ಗಲ್ಲ ಸವರಿ ಲಟಿಕೆ ಮುರಿದರು. ಕಣ್ಣಲ್ಲಿ ನೀರು.

ಖುಷಿ ಇತ್ತು. ಸುಳ್ಳಲ್ಲ. ಒಂದು ನಿಮಿಷ ಇತ್ತು.

ಅದೇ ದಿನ, ಸಂಜೆ

ಆಸಿಂ ಲೆಕ್ಕ ಹಾಕಿದ. ಹೆರಿಗೆಗೆ ಎರಡು ತಿಂಗಳು, ಬಾಣಂತನ ಐದು. "ಕಿಟ್ ನಮ್ಮ ರೂಮಿನಾಗ ಇಡೂಣೇನು?" ಅಂದ. ಮಂಚ ತೆಗೆದರೂ ಹಿಡಿಯಲ್ಲ. ಹಿಡಿದರೂ ನಡುವೆ ಇರೋದು ಒಂದೇ ಗೋಡೆ. ಹಲಗೆ ಇದ್ದರೂ ಅಷ್ಟೋ ಇಷ್ಟೋ ಗುದ್ದು ಇದ್ದೇ ಇರುತ್ತೆ. ಅತ್ತೆ ಮೆತ್ತಗೆ ಹೇಳಿದರು, "ಅಕಿ ಬೆಚ್ಚಬಾರದವಾ. ಎರಡು ಹೋಗ್ಯಾವು." ನಾನಾದರೂ ಅದನ್ನೇ ಹೇಳ್ತಿದ್ದೆ.

ಬಳ್ಳಾರಿಯಲ್ಲಿ ಅಮ್ಮಿಯ ಮನೆ ಒಂದೂವರೆ ರೂಮು, ಮನೆ ಓನರ್ ಮಿಕ್ಸಿ ಸದ್ದಿಗೇ ಬಾಗಿಲು ಬಡೀತಾರೆ.

ಬಡಗಿಗೆ ಬರಬೇಡಿ ಅಂತ ಆಸಿಂ ಫೋನ್ ಮಾಡಿದ. ಮೆಟ್ಟಿಲ ಮೇಲೆ ನಿಂತು, ನನಗೆ ಕೇಳದ ಹಾಗೆ.

ಡಿಸೆಂಬರ್ 3, ಬುಧವಾರ

ಕಿಟ್ ಬಿಚ್ಚಿದೆ. ಪ್ಯಾಡ್ ಮಂಚದ ಕೆಳಗೆ. ಸ್ಟ್ಯಾಂಡ್ ಮಡಚೋಕಾಗಲಿಲ್ಲ, ಒಂದು ಸ್ಕ್ರೂ ತುಕ್ಕು ಹಿಡಿದಿದೆ, ಹಾಗೇ ಮೆಟ್ಟಿಲ ತಿರುವಿನಲ್ಲಿ ನಿಲ್ಲಿಸಿದೆ. ಮಧ್ಯಾಹ್ನ ನೋಡಿದರೆ ಅದರ ಮೇಲೆ ಆಸಿಂನ ಎರಡು ಅಂಗಿ, ಅತ್ತೆಯ ದುಪಟ್ಟಾ. ದುಪಟ್ಟಾ ಜಾರುತ್ತಿತ್ತು, ಸರಿ ಮಾಡಿದೆ.

ರೂಮಿಗೆ ಸುಣ್ಣ ಆಯಿತು. ಹಲಗೆಗಳನ್ನು ಮಾಮಾ ಅಕ್ಕನ ಮಂಚಕ್ಕೆ ಹಾಕಿಸಿದರು. ನನ್ನ ಗಾದಿ ಬಿಚ್ಚಿ ಹತ್ತಿ ಮತ್ತೆ ಹಿಂಜುತ್ತಿದ್ದಾರೆ, ಬಸುರಿ ಹೆಂಗಸಿಗೆ ಇನ್ನೂ ಮೆತ್ತಗೆ ಬೇಕಂತೆ. ಬಟ್ಟೆ ಅದೇ. ಹಸಿರು ಹೂವು ಅದೇ. "ಇದು ನಿಂದ ಗಾದಿ, ಅಕಿ ಹೋದಮ್ಯಾಲೆ ನಿಂಗ" ಅಂದರು. ಪರ್ಫೆಕ್ಟ್ ಅನ್ನಲಿಲ್ಲ. ತಲೆಯಾಡಿಸಿದೆ.

ಕೆಳಗೆ ತೊಂಯ್... ಟಕ್. ತೊಂಯ್... ಟಕ್. ತೊಂಬತ್ತೆರಡು. ಇಲ್ಲಿ ಬರೆಯುತ್ತಾ ನನ್ನ ಬಲಗಾಲು ತಾನೇ ಎದ್ದು ಬೀಳ್ತಿದೆ. ಹಿಮ್ಮಡಿ ನೆಲಕ್ಕೆ ತಾಗದ ಹಾಗೆ.

ಅಂಜನಾ ಮೆಸೇಜ್: "ಹೊಸಪೇಟೆಯೋರಿಗೆ ನೀನು ಹೇಳಿದ ಹಾಗೇ ಬೇಡ ಅಂದೆ. ಅವರು ಬೇರೆ ಕೆಲಸ ಒಪ್ಪಿಕೊಂಡ್ರು. ಈಗ ನೀನೇ ಗತಿ ಗುಲ್ಲೂ! ಉಳಿದ ಮೂರು ಯಾವತ್ತು? ದಿನ ಹೇಳು, ಕಾಯ್ತೀನಿ."

ಎರಡು ಸಲ ಬರೆದು ಅಳಿಸಿದೆ. ದಿನ ಅಂತ ನನಗೆ ಗೊತ್ತಿರೋದು ಒಂದೇ. ಶುಕ್ರವಾರ, ಬೆಳಿಗ್ಗೆ, ಬಳ್ಳಾರಿ ಸ್ಟೇಷನ್, ಹಂಪಿ ಎಕ್ಸ್‌ಪ್ರೆಸ್‌ನಿಂದ ಶಬನಂ ಅಕ್ಕ ಇಳಿಯೋ ದಿನ.