ತೊಳೆದ ಟ್ಯೂಬ್

ಸೇಲಂ, ಲೇಡೀಸ್ ಹಾಸ್ಟೆಲ್
ಸೋಮವಾರ, 11-11-2024

ಪ್ರೀತಿಯ ಅಪ್ಪನಿಗೆ ಶ್ರೀವಿದ್ಯಾಳ ನಮಸ್ಕಾರ.

ಕೈನಡುಕ ಕಮ್ಮಿಯಾಯಿತಾ? ಊಟ ಸೇರುತ್ತಾ? ಧರ್ಮಪುರಿಯ ಆ ಸೆಂಟರ್‌ನಲ್ಲಿ ಕುಡಿತ ಬಿಡಿಸುವವರೆಗೆ ಫೋನ್ ಕೊಡುವುದಿಲ್ಲವಂತೆ, ಅದಕ್ಕೇ ಕಾಗದ. ಕನ್ನಡ ತಪ್ಪಿದ್ದರೆ ನಗಬೇಡಿ, ತಮಿಳು ಹಾಸ್ಟೆಲ್‌ನಲ್ಲೇ ಓದಿದವಳಿಗೆ ಇಷ್ಟು ಬರುವುದೇ ಹೆಚ್ಚು.

ನನ್ನ ರೂಮ್‌ಮೇಟ್ ಜಯಪ್ರಿಯಾ ತೊಪ್ಪೂರಿನವಳು. ಅವಳ ಅಪ್ಪ ಲಾರಿ ಓಡಿಸುತ್ತಾರೆ. ಅವರೂ ಕುಡಿಯುತ್ತಿದ್ದರಂತೆ, ಬಿಟ್ಟು ಎರಡು ವರ್ಷ. ಪ್ರತಿ ಶನಿವಾರ ಹತ್ತು ಗಂಟೆಗೆ ಮುರುಕ್ಕು ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿರುತ್ತಾರೆ. ಅವಳು ಮೊದಲು ನನಗೇ ಕೊಡುತ್ತಾಳೆ. ನಾನು ತಿನ್ನದೆ ಕಾಗದದಲ್ಲಿ ಸುತ್ತಿ ಇಡುತ್ತೇನೆ ಅಪ್ಪಾ.

ಹೋದ ವಾರ ಲ್ಯಾಬ್‌ನಲ್ಲಿ ಪ್ಯಾರಮೀಸಿಯಂಗೆ ಆಲ್ಕೋಹಾಲ್ ಕೊಟ್ಟು ನೋಡಬೇಕಿತ್ತು. ಅದು ಹುಲ್ಲು ನೆನೆಸಿದ ನೀರಿನಲ್ಲಿ ಬೆಳೆಯುವ ಒಂದೇ ಕೋಶದ ಜೀವಿ, ಮೈಕ್ರೋಸ್ಕೋಪಿನಲ್ಲಿ ಚಪ್ಪಲಿಯ ಹಾಗೆ ಕಾಣುತ್ತದೆ. ಸ್ವಲ್ಪ ಸ್ಪಿರಿಟ್ ಬೆರೆತರೆ ದಿಕ್ಕು ತಪ್ಪಿ ಅಲ್ಲೇ ಸುತ್ತುತ್ತದೆ, ನಿಧಾನವಾಗುತ್ತದೆ. ಬೇಗ ಒಳ್ಳೆಯ ನೀರಿಗೆ ಬಿಟ್ಟರೆ ಕೆಲವು ಮತ್ತೆ ಈಜುತ್ತವೆ. ಜಯಪ್ರಿಯಾಳವು ಈಜಿದವು. ನನ್ನವು ಒಳ್ಳೆಯ ನೀರಿಗೆ ಬಿಟ್ಟ ಮೇಲೆಯೇ ಸತ್ತವು, ಒಂದೂ ಉಳಿಯಲಿಲ್ಲ. ಸ್ಪಿರಿಟ್ ಮುಟ್ಟಿದ ಗಾಜು ಮೈಲಿಗೆ ಅನ್ನಿಸಿ ಒಳ್ಳೆಯ ನೀರು ತುಂಬುವ ಮುಂಚೆ ಟ್ಯೂಬನ್ನು ಮೂರು ಸಲ ಸೋಪು ಹಾಕಿ ತಿಕ್ಕಿದ್ದೆ, ಮನೆಯಲ್ಲಿ ಅಮ್ಮ ನಿಮ್ಮ ಲೋಟ ಬೇರೆ ಇಟ್ಟು ತಿಕ್ಕುವ ಹಾಗೆ. ಒಳಗೆ ಉಳಿದ ಆ ಸೋಪೇ ಕೊಂದದ್ದು.

ಜಯಪ್ರಿಯಾ ತನ್ನದನ್ನು ನೋಡಿ ನಗುತ್ತಾ, "ನಮ್ಮಪ್ಪನೂ ಇಂಗೇ ಸುತ್ತುತಿದ್ದ ಕಣೇ, ಈಗ ನೋಡು ಎಂಗವ್ನೆ" ಅಂದಳು. ಅವಳು ಊಟಕ್ಕೆ ಹೋದಾಗ ನಮ್ಮಿಬ್ಬರ ಟ್ಯೂಬಿನ ಹೆಸರಿನ ಚೀಟಿಗಳನ್ನು ಅದಲುಬದಲು ಮಾಡಿದೆ. ತಮಿಳ್‌ಸೆಲ್ವನ್ ಸರ್ ನನಗೆ ಹತ್ತಕ್ಕೆ ಒಂಬತ್ತು ಕೊಟ್ಟರು, ಅವಳಿಗೆ ಸೊನ್ನೆ. ಅವಳಿಗೆ ಗೊತ್ತಾಯಿತು. ನನ್ನ ಮುಖ ನೋಡಿದಳು, ಸರ್ ಹತ್ತಿರ ಏನೂ ಹೇಳಲಿಲ್ಲ. ಶನಿವಾರ ಮುರುಕ್ಕು ಮಾತ್ರ ನನ್ನ ಕಡೆ ಬರಲಿಲ್ಲ.

ಇವತ್ತು ಬೆಳಿಗ್ಗೆ ನಾನೇ ಹೋಗಿ ಸರ್‌ಗೆ ಹೇಳಿದೆ. ಅವಳ ಮಾರ್ಕ್ ಅವಳಿಗೆ ಬಂತು. ಅವಳು ಇನ್ನೂ ಮಾತಾಡುವುದಿಲ್ಲ.

ಮಾತ್ರೆ ಮರೆಯಬೇಡಿ. ಅಲ್ಲಿಯ ಹಿರಿಯರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಮಗಳು,
ಶ್ರೀವಿದ್ಯಾ

ತಾ.ಕ.: ಚೀಟಿ ಬದಲಾಯಿಸಿದ್ದಕ್ಕೆ ಈ ಶನಿವಾರ ಪೇರೆಂಟ್ ಬಂದು ಸೈನ್ ಮಾಡದಿದ್ದರೆ ಪ್ರಾಕ್ಟಿಕಲ್ ಎಕ್ಸಾಮ್‌ಗೆ ಕೂರಿಸುವುದಿಲ್ಲ ಅಂದಿದ್ದಾರೆ. ಅಮ್ಮನಿಗೆ ಹೇಳಿಲ್ಲ. ನಿಮ್ಮನ್ನು ಆವತ್ತು ಹೊರಗೆ ಬಿಡುತ್ತಾರಂತಲ್ಲ, ನೀವೇ ಬನ್ನಿ. ಒಂಬತ್ತೂವರೆಗೇ ಬನ್ನಿ ಅಪ್ಪಾ, ಜಯಪ್ರಿಯಾಳ ಅಪ್ಪ ಬರುವುದಕ್ಕೆ ಮುಂಚೆ.