ಎರಡನೇ ಗುಂಡಿ

ಅಪ್ಪನಿಗೆ ನಮಸ್ಕಾರ.

ಕಳೆದ ಸಲ ಬಂದಾಗ, ನೀನು ಇಪ್ಪತ್ತು ವರ್ಷದಿಂದ ಯಜಮಾನರ ಕಾರು ಓಡಿಸುತ್ತಿರುವುದು ಗುಲಾಮಗಿರಿ ಎಂದು ಕಾರ್ಮಿಕ ಸಂಘದ ಕರಪತ್ರ ಓದಿ ಹೇಳಿ ಜಗಳವಾಡಿದ್ದೆನಲ್ಲ, ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ನಿನ್ನೆ ನಮ್ಮ ಗ್ಯಾರೇಜಿಗೆ ಬ್ಯಾಟರಿ ಬದಲಿಸಲು ಒಂದು ಐಷಾರಾಮಿ ಕಾರು ಬಂತು. ಹಳೆಯದನ್ನು ಕಳಚುವ ಮುಂಚೆ ಇನ್ನೊಂದು ಚಿಕ್ಕ ಬ್ಯಾಟರಿ ಜೋಡಿಸಿಡಬೇಕು. ಇಲ್ಲದಿದ್ದರೆ, ಯಾವ ಗುಂಡಿ ಒತ್ತಿದರೆ ಸೀಟು ಯಾರ ಮೈಗೆ ತಕ್ಕಂತೆ ಸರಿಯಬೇಕು ಎಂಬ ಹೊಂದಾಣಿಕೆಯನ್ನೆಲ್ಲ ಆ ಕಾರು ಮರೆತುಬಿಡುತ್ತದೆ. ಮರೆಯಲಿ, ಸಾಹುಕಾರನ ಬೆನ್ನು ಕಾಯುವುದು ನನ್ನ ಕೆಲಸವಲ್ಲ ಎಂದು ನೇರವಾಗಿ ಸ್ಪ್ಯಾನರ್ ಹಿಡಿದೆ.

ಕಾರು ತಂದಿದ್ದ ಡ್ರೈವರ್ ಅದನ್ನು ಕಂಡು ಓಡಿ ಬಂದರು. "ನಿಲ್ಲಮ್ಮಾ! ಯಜಮಾನರು ಕೂರೋದು ಹಿಂದೆ. ಮುಂದಿನ ಸೀಟಿನ ಎರಡನೇ ಗುಂಡಿ ನಂದು. ನನ್ನ ಸೊಂಟಕ್ಕೆ ಸರಿಹೊಂದಿಸೋಕೆ ಒಂದು ತಿಂಗಳು ಹಿಡೀತು!"

ನಮ್ಮ ಗ್ಯಾರೇಜಿನ ಮೇಸ್ತ್ರಿ ಬಿದ್ದು ಬಿದ್ದು ನಕ್ಕರು. "ಕ್ರಾಂತಿ ಮಾಡೋಕೆ ಹೋಗಿ ಕಾರ್ಮಿಕನ ಸೊಂಟ ಮುರೀತಿದ್ಯಲ್ಲೇ ತಾಯಿ!"

ಚಿಕ್ಕ ಬ್ಯಾಟರಿ ಜೋಡಿಸಿಯೇ ಕೆಲಸ ಮುಗಿಸಿದೆ. ಡ್ರೈವರ್ ಕೂತು ಎರಡನೇ ಗುಂಡಿ ಒತ್ತಿದರು. ಸೀಟು ಮೆಲ್ಲಗೆ ಸರಿದು ಅವರ ಬೆನ್ನಿಗೆ ಆತುಕೊಂಡಿತು. "ಹಾ, ಸರಿಯಾಗಿದೆ" ಎಂದು ಕಣ್ಣು ಮುಚ್ಚಿದರು. ನನಗೆ ಹೊಟ್ಟೆ ತುಂಬಿದ ಹಾಗಾಯಿತು.

ಯಜಮಾನರ ಬಗ್ಗೆ ನನ್ನ ಮಾತು ಬದಲಾಗಿಲ್ಲ, ಅಪ್ಪ. ಆದರೆ ನಿನ್ನ ಸೊಂಟ ಹೇಗಿದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನೀನು ಓಡಿಸುವ ಹಳೇ ಕಾರಿಗೆ ಗುಂಡಿಗಳಿಲ್ಲ. ಭಾನುವಾರ ಬಂದು ಸೀಟನ್ನು ಕೈಯಾರೆ ಹೊಂದಿಸಿಕೊಡುತ್ತೇನೆ; ನೀನು ಕೂತು, ಎಲ್ಲಿ ನೋಯುತ್ತದೆ ಎಂದು ಹೇಳಿದರೆ ಸಾಕು.

ಕರಪತ್ರವನ್ನೂ ತರುತ್ತೇನೆ. ಓದುವುದು ಮಾತ್ರ ಸೀಟು ಸರಿಯಾದ ಮೇಲೆ.

ನಿನ್ನ ಜಗಳಗಂಟಿ ಮಗಳು